ಬೀಗರು ಹಾಕಿದ ಬೀಗ

ಈ ಕಥೆ ನಡೆದ ಪೇಟೆಯ ಹೆಸರನ್ನು ನಾನು ಹೇಳುವುದಿಲ್ಲ. ಅದು ತಿಪಟೂರಲ್ಲ, ತುರುವೇಕೆರೆಯಲ್ಲ, ಚಿಕ್ಕನಾಯಕನಹಳ್ಳಿಯೂ ಅಲ್ಲ. ಈ ಮೂರರ ನಡುವೆ ತೆಂಗಿನ ತೋಟಗಳ ಮರೆಯಲ್ಲಿ ಎಲ್ಲೋ ಇದೆ ಎಂದುಕೊಳ್ಳಿ. ಹೆಸರು ಹೇಳಿದರೆ ಅಲ್ಲಿಯ ಪುರಸಭೆಯವರು ನನ್ನ ಮೇಲೆ ಮಾನನಷ್ಟದ ಕೇಸು ಹಾಕುತ್ತಾರೆ. ಕೇಸಿಗೆ ನಾನು ಹೆದರುವವನಲ್ಲ. ಆದರೆ ಕೋರ್ಟಿಗೆ ಹೋದರೆ ದಿನವಿಡೀ ಕಾಯಬೇಕು, ಆ ಕೋರ್ಟಿನಲ್ಲೂ ಮೂತ್ರಾಲಯವಿಲ್ಲ.

ಇವನು ಸಿಟ್ಟಿನಲ್ಲಿದ್ದಾನೆ ಎಂದು ನಿಮಗೆ ಅನ್ನಿಸಿದರೆ ಸರಿಯಾಗಿಯೇ ಅನ್ನಿಸಿದೆ. ನಮ್ಮ ಸೀಮೆಯಲ್ಲಿ ಕೊಬ್ಬರಿಗೆ ಅಟ್ಟವಿದೆ, ಕಾಯಿಗೆ ಕೊಟ್ಟಿಗೆಯಿದೆ, ತೆಂಗಿನ ಮಟ್ಟೆ ನೆನೆಹಾಕಲು ಗುಂಡಿಯಿದೆ. ಸಂತೆಗೆ ಬಂದ ಎತ್ತು ನೀರು ಕುಡಿಯಲೆಂದು ಕಲ್ಲಿನ ತೊಟ್ಟಿ ಕಟ್ಟಿಸಿದ್ದಾರೆ. ಸಂತೆಗೆ ಬಂದ ಮನುಷ್ಯ ಕುಡಿದ ನೀರನ್ನು ಎಲ್ಲಿ ಬಿಡಬೇಕು ಎಂಬುದನ್ನು ಮಾತ್ರ ಯಾವ ಮಹಾನುಭಾವನೂ ಯೋಚಿಸಿಲ್ಲ. ಎತ್ತಿಗೆ ಆ ತೊಂದರೆಯಿಲ್ಲ, ಅದು ನಿಂತಲ್ಲೇ ಮುಗಿಸುತ್ತದೆ. ದಂಡಿನಶಿವರದ ಪರಮಶಿವಯ್ಯನವರು ಇಸ್ತ್ರಿ ಮಾಡಿದ ಪಂಚೆ ಉಟ್ಟವರು, ಅವರಿಗೆ ಹಾಗೆ ಮಾಡಲಾಗಲಿಲ್ಲ. ಅಷ್ಟೇ ಈ ಕಥೆ.

ಪರಮಶಿವಯ್ಯನವರಿಗೆ ಒಂದು ತೆಂಗಿನ ತೋಟ, ಸ್ವಲ್ಪ ರಾಗಿ ಹೊಲ, ಮದುವೆಗೆ ಬಂದ ಒಬ್ಬಳೇ ಮಗಳು. ಯಾರ ತಂಟೆಗೂ ಹೋಗದ ಮನುಷ್ಯ. ಅವರಿಗಿದ್ದ ಜಂಬವೆಂದರೆ ಹೆಂಡತಿ ದ್ರಾಕ್ಷಾಯಣಮ್ಮನ ವ್ರತದ್ದು. ಪೇಟೆಗೆ ಹೊರಟ ದಿನ ಆಕೆ ಬೆಳಗಿನಿಂದ ಹನಿ ನೀರು ಮುಟ್ಟುತ್ತಿರಲಿಲ್ಲ. ಬಿಸಿಲಲ್ಲಿ ಸುತ್ತಿ ನಾಲಿಗೆ ಒಣಗಿದರೂ ಸೋಡ ಬೇಡ, ಕಾಫಿ ಬೇಡ. ಸಂಜೆ ಮನೆಗೆ ಬಂದಮೇಲೆ ಒಂದು ಚೊಂಬು ನೀರನ್ನು ಎತ್ತಿ ಗಟಗಟ ಕುಡಿದು ಗೋಡೆಗೊರಗಿ ಕೂರುತ್ತಿದ್ದರು. ಇದೊಂದು ಕಠಿಣವಾದ ವ್ರತ ಎಂದು ಪರಮಶಿವಯ್ಯ ಮದುವೆಯಾದ ಹೊಸತರಲ್ಲೇ ತೀರ್ಮಾನ ಮಾಡಿದರು. ಯಾವ ದೇವರದು ಎಂದು ಹೆಂಡತಿಯನ್ನು ಕೇಳಲಿಲ್ಲ. ಊರವರು ಕೇಳಿದಾಗ ತವರು ಮನೆ ದೇವರದು ಎಂದರು, ತವರಿನವರು ಕೇಳಿದಾಗ ನಮ್ಮ ಮನೆ ದೇವರದು ಎಂದರು. ಬಸ್ಸಿನಲ್ಲಿ ಪಕ್ಕ ಕೂತವರಿಗೂ ಹೇಳುತ್ತಿದ್ದರು. ದ್ರಾಕ್ಷಾಯಣಮ್ಮ ಆಗ ಕಿಟಕಿಯ ಕಡೆ ತಿರುಗಿ ಕೂರುತ್ತಿದ್ದರು. ಅದನ್ನೂ ಪರಮಶಿವಯ್ಯ ವಿನಯ ಎಂದುಕೊಂಡಿದ್ದರು.

ಮಗಳನ್ನು ಆ ಪೇಟೆಯ ಕೊಬ್ಬರಿ ಮಂಡಿ ಸದಾಶಿವಯ್ಯನವರ ಮಗನಿಗೆ ಕೊಡುವ ಮಾತಾಗಿತ್ತು. ಸದಾಶಿವಯ್ಯ ಬರೀ ಮಂಡಿಯ ಯಜಮಾನರಲ್ಲ, ಪುರಸಭೆಯ ಅಧ್ಯಕ್ಷರು. ಇಂಥ ಬೀಗರು ಸಿಗುವುದು ಸಾಮಾನ್ಯವಲ್ಲ ಎಂದು ನೆಂಟರೆಲ್ಲ ಹೇಳಿದ್ದರು. ಲಗ್ನ ಕಟ್ಟಿಸುವ ಮುಂಚೆ ಎರಡೂ ಮನೆಯ ಹೆಂಗಸರು ಕೂಡಿ ಜವಳಿ ತೆಗೆಯಲಿ ಎಂದು ಸಂತೆಯ ದಿನ ಕರೆಸಿದ್ದರು. ಪರಮಶಿವಯ್ಯ ಇಸ್ತ್ರಿ ಪಂಚೆ, ಹೊಸ ಷರಟು ಹಾಕಿ ಹೊರಟರು. ಬಿಳಿ ಟವೆಲ್ಲು ಇನ್ನೂ ಒಣಗಿರಲಿಲ್ಲವಾದ್ದರಿಂದ ಕೈಗೆ ಸಿಕ್ಕಿದ ಹಸಿರು ಟವೆಲ್ಲನ್ನು ಹೆಗಲಿಗೆ ಹಾಕಿಕೊಂಡರು. ಆ ವರ್ಷ ಹಸಿರು ಟವೆಲ್ಲು ಹಾಕಿದವರನ್ನು ಕಂಡರೆ ಸರ್ಕಾರಿ ಆಫೀಸಿನವರು ಬಾಗಿಲು ಮುಚ್ಚಿಕೊಳ್ಳುತ್ತಿದ್ದರು. ರೈತರ ಚಳವಳಿಯ ಕಾವು ಹಾಗಿತ್ತು. ಪರಮಶಿವಯ್ಯನಿಗೆ ಇದಾವುದೂ ತಲೆಯಲ್ಲಿರಲಿಲ್ಲ.

ಬೀಗರ ಮನೆ ಊರಾಚೆ, ತೋಟದ ಮಗ್ಗುಲಲ್ಲಿತ್ತು. ಹೋದ ಕೂಡಲೇ ಇಡ್ಲಿ, ಅದರ ಮೇಲೆ ದೊಡ್ಡ ಲೋಟದಲ್ಲಿ ಕಾಫಿ, ಬಿಸಿಲಲ್ಲಿ ಬಂದಿದ್ದಾರೆಂದು ಮಜ್ಜಿಗೆ. ಮಜ್ಜಿಗೆ ಕುಡಿದು ಸ್ವಲ್ಪ ಹೊತ್ತಿಗೆ ಪರಮಶಿವಯ್ಯನಿಗೆ ಹೊರಗೆ ಹೋಗಬೇಕು ಎನ್ನಿಸಿತು. ಆ ಮನೆಯಲ್ಲಿ ಕಕ್ಕಸು ಇತ್ತು. ಬಚ್ಚಲ ಮನೆ ಪಕ್ಕದಲ್ಲಿ ಹಸಿರು ಬಾಗಿಲಿನದು, ಕೂತಲ್ಲಿಂದಲೇ ಕಾಣುತ್ತಿತ್ತು. ಆದರೆ ಹೆಣ್ಣು ಕೊಡುವವನು ಗಂಡಿನ ಮನೆಗೆ ಮೊದಲ ಸಲ ಬಂದು ಆ ಮಾತನ್ನು ಬಾಯಿ ಬಿಟ್ಟು ಹೇಗೆ ಕೇಳುವುದು? ಊರಿನಲ್ಲಿ ಎಲ್ಲರೂ ಹೇಳುವ ಹಾಗೆ ಮರ್ಯಾದೆಯಾಗಿ ಹೇಳಿದರು.

“ಬೀಗ್ರೇ, ನಾನು ಒಸಿ ತೋಟದ ಕಡೆ ಹೋಗ್ಬೇಕಿತ್ತು.”

ದಂಡಿನಶಿವರದಲ್ಲಿ ತೋಟದ ಕಡೆ ಹೋಗ್ತೀನಿ ಎಂದವನನ್ನು ಯಾತಕ್ಕೆ ಎಂದು ಯಾರೂ ಕೇಳುವುದಿಲ್ಲ. ಯಾರೂ ಜೊತೆಗೂ ಬರುವುದಿಲ್ಲ. ಆದರೆ ಕೊಬ್ಬರಿ ಮಂಡಿಯವರ ಕಿವಿಗೆ ತೋಟ ಎಂದರೆ ಆಸ್ತಿ. ಹೆಣ್ಣಿನ ತಂದೆ ಮನೆಗೆ ಬಂದವನು ಇಡ್ಲಿಯ ಕೈ ತೊಳೆಯುತ್ತಲೇ ತೋಟ ನೋಡಬೇಕು ಎನ್ನುತ್ತಾನಲ್ಲ ಎಂದು ಸದಾಶಿವಯ್ಯನವರಿಗೆ ಒಳಗೇ ಚುರುಕ್ಕೆಂದಿತು. ಆದರೂ ನಗುತ್ತಾ ಎದ್ದು, ಬನ್ನಿ ಬನ್ನಿ, ಮುಚ್ಚುಮರೆ ಏನೈತೆ ಎಂದು ತಾವೇ ಮುಂದಾಗಿ ಹೊರಟರು.

ಆ ತೋಟದಲ್ಲಿ ಪರಮಶಿವಯ್ಯ ಪಟ್ಟ ಪಾಡನ್ನು ಹೇಳಬಾರದು. ಸದಾಶಿವಯ್ಯ ಒಂದೊಂದು ಮರದ ಬುಡದಲ್ಲೂ ನಿಂತು ಅದರ ವಂಶ, ಅದರ ಇಳುವರಿ, ಅದಕ್ಕೆ ಬಂದ ರೋಗ, ಕೊಟ್ಟ ಮದ್ದು ಎಲ್ಲ ಹೇಳಿದರು. ಇವರು ಹೂಂ ಹೂಂ ಎನ್ನುತ್ತಾ ಹಿಂದೆ ಉಳಿದು ಒಂದು ದಪ್ಪ ಮರದ ಮರೆಗೆ ಸರಿದರೆ, ಅವರು ವಾಪಸು ಬಂದು ಭುಜ ತಟ್ಟಿದರು. ಕಣ್ಣು ಅಂದ್ರೆ ನಿಮ್ಮದು, ಸರಿಯಾದ ಮರಾನೇ ಹುಡುಕಿದ್ರಿ, ಇದು ನಮ್ಮಪ್ಪ ಇಟ್ಟಿದ್ದು ಎಂದರು. ಮತ್ತೊಂದು ಮರದ ಹಿಂದೆ ಹೋದರೆ ಅಲ್ಲಿ ಗೊಬ್ಬರ ಹಾಕುತ್ತಿದ್ದ ಆಳು ಎದ್ದು ನಿಂತು ಕೈ ಮುಗಿದ. ಕೊನೆಗೆ ಮರ ಹತ್ತಿಸಿ ಗೊನೆ ಇಳಿಸಿದರು. ನಮ್ಮ ಕಡೆ ಬೀಗರ ತೋಟದ ಎಳನೀರು ಬೇಡ ಎಂದರೆ ಸಂಬಂಧ ಬೇಡ ಎಂದ ಹಾಗೆ. ಪರಮಶಿವಯ್ಯ ಮಗಳನ್ನು ನೆನೆದು ಕುಡಿದರು. ಇನ್ನೊಂದು ಎಂದರು, ಅದನ್ನೂ ಕುಡಿದರು.

ಮನೆಗೆ ಬಂದರೆ ಅಲ್ಲಿ ಇನ್ನೊಂದು ಪೇಚು. ಬೀಗಿತ್ತಿ ಕಲ್ಲಮ್ಮ ದ್ರಾಕ್ಷಾಯಣಮ್ಮನ ಮುಂದೆ ಮುಟ್ಟದೇ ಇದ್ದ ಕಾಫಿ ಲೋಟ ನೋಡಿ ಮುಖ ಸಣ್ಣ ಮಾಡಿಕೊಂಡು ಕೂತಿದ್ದರು. ಪರಮಶಿವಯ್ಯ ತಕ್ಷಣ ತಮ್ಮ ಹೆಂಡತಿಯ ವ್ರತದ ಪುರಾಣ ಬಿಚ್ಚಿದರು. ಪೇಟೆಗೆ ಬಂದ ದಿನ ಹನಿ ನೀರು ಮುಟ್ಟುವುದಿಲ್ಲ, ಇಂಥ ಹೆಂಗಸಿನ ಹೊಟ್ಟೆಯಲ್ಲಿ ಹುಟ್ಟಿದ ಮಗಳು ನಿಮ್ಮ ಮನೆಗೆ ಬರುತ್ತಾಳೆ ಎಂದರು. ಕಲ್ಲಮ್ಮನ ಕಣ್ಣು ತುಂಬಿತು. ಎಳನೀರು ನೀರಲ್ಲ, ದೇವರ ಅಭಿಷೇಕಕ್ಕೇ ಆಗುತ್ತದೆ, ಅದು ವ್ರತಕ್ಕೆ ಸಲ್ಲುತ್ತದೆ ಎಂದು ತಾವೇ ಶಾಸ್ತ್ರ ಹೇಳಿ, ಹೊರಡುವ ಹೊತ್ತಿಗೆ ದೊಡ್ಡ ಎಳನೀರೊಂದನ್ನು ಕೈಗಿತ್ತರು. ಜೊತೆಗಿರಲಿ ಎಂದು ತಾವೂ ಒಂದು ಕುಡಿದರು. ದ್ರಾಕ್ಷಾಯಣಮ್ಮ ಗಂಡನ ಮುಖವನ್ನು ಒಂದು ಸಲ ನೋಡಿ ಕುಡಿದರು. ಆ ನೋಟದ ಅರ್ಥ ಪರಮಶಿವಯ್ಯನಿಗೆ ಆಗಲಿಲ್ಲ. ಆಗ ಅವರಿಗೆ ಯಾವುದರ ಅರ್ಥವೂ ಆಗುವ ಸ್ಥಿತಿ ಇರಲಿಲ್ಲ.

ಜವಳಿ ಅಂಗಡಿಯ ಸಂಗತಿ ಹೇಳಿ ನಿಮ್ಮನ್ನು ಹಿಂಸೆ ಮಾಡುವುದಿಲ್ಲ. ಸೀರೆಗಳನ್ನು ಬಿಚ್ಚುವುದೂ ಮಡಿಸುವುದೂ ಬಿಸಿಲು ಇಳಿಯುವವರೆಗೆ ನಡೆಯಿತು. ಪರಮಶಿವಯ್ಯ ಕಾಲು ಹೆಣೆದುಕೊಂಡು ಕೂತು ತೋರಿಸಿದ ಸೀರೆಗೆಲ್ಲ ಚೆನ್ನಾಗಿದೆ, ಇದೇ ಇರಲಿ, ನಡೀರಿ ಎಂದರು. ಹಾಗೆ ಎಂದದ್ದಕ್ಕೆ ಅಂಗಡಿಯವನು ಸಂತೋಷಪಟ್ಟು ಅವರಿಗೊಂದು ಕಾಫಿ ತರಿಸಿದ.

ಅಲ್ಲಿಂದ ಬಸ್‌ಸ್ಟ್ಯಾಂಡಿಗೆ ಬಂದರು. ಕಳಿಸಿಕೊಡಲು ಕಲ್ಲಮ್ಮನೂ ಬಂದರು. ಹೆಂಗಸರನ್ನು ನೆರಳಿಗೆ ನಿಲ್ಲಿಸಿ, ಬಸ್ಸಿನ ಹೊತ್ತು ಕೇಳಿ ಬರುತ್ತೇನೆಂದು ಪರಮಶಿವಯ್ಯ ಓಡಿದರು.

ಆ ಬಸ್‌ಸ್ಟ್ಯಾಂಡಿನ ಮೂಲೆಯಲ್ಲಿ ಸಾರ್ವಜನಿಕ ಶೌಚಾಲಯ ಇತ್ತು. ಇಲ್ಲ ಎಂದು ಯಾರೂ ಪುರಸಭೆಯವರನ್ನು ದೂರುವಂತಿಲ್ಲ. ಗುಲಾಬಿ ಬಣ್ಣದ ಗೋಡೆ, ಒಂದು ಕಡೆ ಗಂಡಸಿನ ಚಿತ್ರ, ಇನ್ನೊಂದು ಕಡೆ ಹೆಂಗಸಿನ ಚಿತ್ರ, ಎರಡೂ ಬಾಗಿಲಿಗೆ ತೆಂಗಿನಕಾಯಿಯಷ್ಟು ದಪ್ಪದ ಬೀಗ. ಕಟ್ಟಿ ಮುಗಿದು ಎರಡು ಮಳೆಗಾಲ ಕಳೆದಿತ್ತು. ಒಬ್ಬ ಮಂತ್ರಿ ಉದ್ಘಾಟನೆಗೆ ಬರುತ್ತಾರೆಂದು ಕಲ್ಲು ಕೆತ್ತಿಸಿದರು. ಅಷ್ಟರಲ್ಲಿ ಸರ್ಕಾರವೇ ಬದಲಾಯಿತು. ಹೊಸ ಮಂತ್ರಿಯ ಹೆಸರು ಕೆತ್ತಿಸಿದರೆ ಅವರು ಖಾತೆ ಬದಲಾಯಿಸಿಕೊಂಡರು. ಕಲ್ಲು ಮಾತ್ರ ಸಿದ್ಧವಾಗಿ ಗೋಡೆಗೊರಗಿ ಮಂತ್ರಿಗಾಗಿ ಕಾಯುತ್ತಿತ್ತು. ಒಂದು ಉಚ್ಚೆಯ ಗುಂಡಿಯನ್ನು ತೆರೆಯಲು ರಾಜಧಾನಿಯಿಂದ ಕಾರಿನಲ್ಲಿ ಮಂತ್ರಿ ಬರಬೇಕು ಎಂಬ ಬುದ್ಧಿ ಯಾವ ತಲೆಯಲ್ಲಿ ಹುಟ್ಟಿತೋ, ಆ ತಲೆಯ ಮೇಲೆ ಆ ಕಲ್ಲನ್ನು ಹೊರಿಸಬೇಕು.

ಬಾಗಿಲಲ್ಲಿ ಪುರಸಭೆಯ ಕಾವಲಿನ ಮಾಯಣ್ಣ ಸ್ಟೂಲು ಹಾಕಿಕೊಂಡು ಕೂತಿದ್ದ. ಕೊರಳಲ್ಲಿ ಸೀಟಿ. ಬಾಗಿಲು ತೆಗೆಯಪ್ಪ ಎಂದು ಪರಮಶಿವಯ್ಯ ಬೇಡಿಕೊಂಡರು.

“ಅದು ಉದ್ಘಾಟ್ನೆ ಆಗಿಲ್ಲ ಸ್ವಾಮಿ,” ಎಂದ ಮಾಯಣ್ಣ. “ಉದ್ಘಾಟ್ನೆಗೆ ಮುಂಚೆ ಒಳಕ್ಕೆ ಹೋದ್ರೆ ಅದು ಅಕ್ರಮ ಆಯ್ತದೆ.”

ಹಾಗಾದರೆ ಜನ ಎಲ್ಲಿಗೆ ಹೋಗುತ್ತಾರೆ ಎಂದು ಕೇಳಿದ್ದಕ್ಕೆ ಮಾಯಣ್ಣ ಗಲ್ಲದಿಂದ ಹಿಂದುಗಡೆಯ ಗೋಡೆ ತೋರಿಸಿದ. ಪರಮಶಿವಯ್ಯ ಗೋಡೆಗೆ ಹೋದರು. ಅದರ ಮೇಲೆ ಇಲ್ಲಿ ಮೂತ್ರ ಮಾಡಿದವರಿಗೆ ದಂಡ ವಿಧಿಸಲಾಗುವುದು, ಅಧ್ಯಕ್ಷರ ಅಪ್ಪಣೆ ಎಂದು ಬರೆದಿತ್ತು. ಅಧ್ಯಕ್ಷರು ಎಂದರೆ ಬೀಗರು. ಬೀಗರ ಅಪ್ಪಣೆಯನ್ನು ಮೀರಬಾರದೆಂದು ಅವರು ಒಂದು ಗಳಿಗೆ ತಡೆದರು, ಆಮೇಲೆ ಮೀರಲು ತೀರ್ಮಾನಿಸಿ ಪಂಚೆ ಎತ್ತುವಷ್ಟರಲ್ಲಿ ಕಿವಿಯ ಪಕ್ಕದಲ್ಲೇ ಸೀಟಿ ಕೂಗಿತು. ಮಾಯಣ್ಣ ಹಿಂದೆಯೇ ಬಂದು ನಿಂತಿದ್ದ. ಇಡೀ ಬಸ್‌ಸ್ಟ್ಯಾಂಡು ತಿರುಗಿ ನೋಡಿತು. ದೂರದಲ್ಲಿ ಬೀಗಿತ್ತಿಯೂ ನೋಡಿದರು. ಬರಬೇಕಾದದ್ದು ಬಂದ ದಾರಿಯಲ್ಲೇ ವಾಪಸು ಹೋಯಿತು.

ಮಾಯಣ್ಣನದು ತಪ್ಪಿಲ್ಲ. ಒಳಗೆ ಹೋಗುವವರನ್ನು ತಡೆಯಬೇಕು, ಹೊರಗೆ ಮಾಡುವವರನ್ನು ಹಿಡಿಯಬೇಕು, ಪುರಸಭೆ ಅವನಿಗೆ ಈ ಎರಡು ಕೆಲಸ ಕೊಟ್ಟಿತ್ತು. ಒಳಗೂ ಬಿಡಬೇಡ ಹೊರಗೂ ಬಿಡಬೇಡ ಎಂದರೆ ಮನುಷ್ಯ ಎಲ್ಲಿ ಬಿಡಬೇಕು ಎಂಬುದು ಅವನ ಕೆಲಸವಲ್ಲ.

ಪರಮಶಿವಯ್ಯನಿಗೆ ಇನ್ನೊಂದು ಹೆಜ್ಜೆ ಇಟ್ಟರೆ ಅನಾಹುತವಾಗುತ್ತದೆ ಎನ್ನಿಸಿತು. ಗಂಡಸರ ಬಾಗಿಲ ಮುಂದಿನ ಮೆಟ್ಟಿಲ ಮೇಲೆ ಕೂತು, ಕಾಲ ಮೇಲೆ ಕಾಲು ಬಿಗಿದು, ಕಣ್ಣು ಮುಚ್ಚಿ, ಹಲ್ಲು ಕಚ್ಚಿಕೊಂಡರು. ಹೆಗಲ ಮೇಲೆ ಹಸಿರು ಟವೆಲ್ಲು.

ಇದನ್ನು ದೊಡ್ಡಣ್ಣ ನೋಡಿದ. ದೊಡ್ಡಣ್ಣನೆಂದರೆ ಆ ಪೇಟೆಯ ಧರಣಿಗಳನ್ನೆಲ್ಲ ನಡೆಸುವವನು. ಬಹಳ ದಿನಗಳಿಂದ ಒಂದೂ ಧರಣಿಯಿಲ್ಲದೆ ಅವನ ಗಂಟಲು ತುಕ್ಕು ಹಿಡಿದಿತ್ತು. ಬೀಗ ಹಾಕಿದ ಸರ್ಕಾರಿ ಕಟ್ಟಡದ ಮುಂದೆ ಹಸಿರು ಟವೆಲ್ಲಿನ ಹಿರಿಯರೊಬ್ಬರು ಕಣ್ಣುಮುಚ್ಚಿ ಕೂತಿರುವುದನ್ನು ಕಂಡು ಅವನ ಮೈ ಜುಮ್ಮೆಂದಿತು. ಹತ್ತಿರ ಬಂದು ಬಗ್ಗಿ ಕೇಳಿದ.

“ಅಣ್ಣ, ಬೇಡಿಕೆ ಏನು?”

“ಬಾಗ್ಲು ತೆಗೀಬೇಕು.”

“ಎಲ್ಲೀಗಂಟ ಕೂರ್ತೀರ?”

“ತೆಗೆಯೋಗಂಟ ನನ್ನ ಕೈಲಿ ಏಳಕ್ಕಾಗಲ್ಲ ಕಣಪ್ಪ.”

ದೊಡ್ಡಣ್ಣ ಇಷ್ಟು ವರ್ಷದಲ್ಲಿ ಎಷ್ಟೋ ಜನರನ್ನು ಧರಣಿಗೆ ಕೂರಿಸಿದ್ದ. ಅವರೆಲ್ಲ ಕೂರುವ ಮುಂಚೆ ಊಟ ಎಷ್ಟೊತ್ತಿಗೆ ಬರುತ್ತದೆ ಎಂದು ಕೇಳಿದವರೇ. ಇಂಥ ಮಾತನ್ನು ಯಾರೂ ಆಡಿರಲಿಲ್ಲ. ಅವನು ಸಂತೆಯ ಕಡೆ ತಿರುಗಿ ಘೋಷಣೆ ಕೂಗಿದ. ಹಗ್ಗ ಮಾರುವವರು, ಮಂಡಿಯ ಹಮಾಲರು, ಬಸ್ಸು ತಪ್ಪಿಸಿಕೊಂಡವರು, ಬಸ್ಸು ಹಿಡಿಯಬೇಕಾದವರು ಎಲ್ಲ ಬಂದು ಸುತ್ತುವರಿದರು. ಯಾರೋ ಹಾರ ತಂದು ಪರಮಶಿವಯ್ಯನ ಕೊರಳಿಗೆ ಹಾಕಿದರು. ಹಿಂದುಗಡೆಯ ಗೋಡೆಗೆ ನುಸುಳಿ ಹೋಗಲು ಇದ್ದ ಒಂದು ಸಣ್ಣ ದಾರಿಯೂ ಜನರಿಂದ ಮುಚ್ಚಿಹೋಯಿತು.

ಬಸ್‌ಸ್ಟ್ಯಾಂಡಿನಲ್ಲಿ ಎಳನೀರು ಮಾರುವ ಪುಟ್ಟಗಂಗಮ್ಮನಿಗೆ ಕನಿಕರ ಬಂದು ಒಂದು ಎಳನೀರು ಕೆತ್ತಿ ಅವರ ಬಾಯಿಗೆ ಹಿಡಿದಳು. ಪರಮಶಿವಯ್ಯ ಅದನ್ನು ನೋಡಿ ಹಾವು ತುಳಿದವರ ಹಾಗೆ ಹಿಂದಕ್ಕೆ ಸರಿದರು. ನೀರೂ ಮುಟ್ಟುವುದಿಲ್ಲವಂತೆ ಎಂಬ ಮಾತು ಮುಂದಿನ ಸಾಲಿನಿಂದ ಹಿಂದಿನ ಸಾಲಿಗೆ ಹೋಗುವಷ್ಟರಲ್ಲಿ ಆಮರಣಾಂತ ಉಪವಾಸವಾಯಿತು. ಸಂತೆಯ ಆ ತುದಿಗೆ ತಲುಪುವಷ್ಟರಲ್ಲಿ ಉಪವಾಸ ಕೂತವರ ಸ್ಥಿತಿ ಚಿಂತಾಜನಕವಾಗಿತ್ತು. ಈ ಕೊನೆಯ ಸುದ್ದಿ ಮಾತ್ರ ನಿಜ.

ನನಗೆ ಯಾವ ಉಪವಾಸವೂ ಇಲ್ಲ, ದಾರಿ ಬಿಡಿ ಎಂದು ಅವರು ಹೇಳಿದ್ದು ಜೈಕಾರದಲ್ಲಿ ಯಾರಿಗೂ ಕೇಳಿಸಲಿಲ್ಲ. ಇನ್ನು ತಡೆಯಲಾರದೆ ಬಾಗಿಲ ಕಡೆ ಕೈ ತೋರಿಸಿ, ಮೈಯಲ್ಲಿದ್ದ ಶಕ್ತಿಯನ್ನೆಲ್ಲ ಸೇರಿಸಿ ಕೂಗಿದರು.

“ಬೀಗಾನ ಒಡೀರಿ.”

ಜನ ಅದನ್ನೇ ಘೋಷಣೆ ಮಾಡಿಕೊಂಡರು. ಬೀಗಾನ ಒಡೀರಿ, ಬೀಗಾನ ಒಡೀರಿ. ಸರಿಯಾಗಿ ಆ ಹೊತ್ತಿಗೆ ಅಧ್ಯಕ್ಷ ಸದಾಶಿವಯ್ಯನವರ ಜೀಪು ಬಂತು.

ನಮ್ಮ ಕಡೆಯವರ ನಾಲಿಗೆಗೆ ಹಕಾರದ ಹಂಗಿಲ್ಲ. ಹಾಲು ಆಲಾಗುತ್ತದೆ, ಹಣ ಅಣವಾಗುತ್ತದೆ. ಕಾಯಿ ಒಡೆಯುವುದೂ ಒಡೆಯುವುದೇ, ಕಳ್ಳನಿಗೆ ಹೊಡೆಯುವುದೂ ಒಡೆಯುವುದೇ. ಬಾಗಿಲಿಗೆ ಹಾಕುವುದು ಬೀಗ, ಮಗಳ ಮಾವ ಬೀಗ. ಜೀಪಿನಿಂದ ಒಂದು ಕಾಲು ಕೆಳಗಿಟ್ಟ ಸದಾಶಿವಯ್ಯನವರು ಏನನ್ನು ಕೇಳಿಸಿಕೊಂಡರೆಂದರೆ, ಅವರ ಬೀಗರು ಕೊರಳಿಗೆ ಹಾರ ಹಾಕಿಕೊಂಡು ಮೆಟ್ಟಿಲ ಮೇಲೆ ಕೂತು ಊರವರನ್ನೆಲ್ಲ ಸೇರಿಸಿ, ಬೀಗನಿಗೆ ಹೊಡೆಯಿರಿ ಎಂದು ಎತ್ತಿಕಟ್ಟುತ್ತಿದ್ದಾರೆ. ಅವರು ಇಟ್ಟ ಕಾಲನ್ನು ತೆಗೆದು ಮತ್ತೆ ಜೀಪಿನಲ್ಲಿಟ್ಟರು.

ಕಲ್ಲಮ್ಮ ಹೋಗಿ ಗಂಡನನ್ನು ಕೆಳಗಿಳಿಸಿ ಕರೆತಂದರು. ಸದಾಶಿವಯ್ಯನಿಗೆ ಈಗ ಬೆಳಗಿನದೆಲ್ಲ ಹೊಳೆಯಿತು. ತೋಟ ನೋಡಬೇಕು ಎಂದದ್ದು, ಮರದ ಹಿಂದೆ ಹಿಂದೆ ಹೋಗಿ ಪರೀಕ್ಷೆ ಮಾಡಿದ್ದು, ಎಳನೀರನ್ನು ಮುಖ ಕಿವುಚಿಕೊಂಡು ಕುಡಿದದ್ದು. ತೋಟ ಸಾಲದೆಂದು ಈ ಮನುಷ್ಯ ನಡುಸಂತೆಯಲ್ಲಿ ಮಾನ ಕಳೆಯುತ್ತಿದ್ದಾನೆ. ಅವರು ಬಗ್ಗಿ ಪರಮಶಿವಯ್ಯನ ಕಿವಿಯಲ್ಲಿ ಹೇಳಿದರು.

“ಬೀಗ್ರೇ, ನೀವು ನೋಡಿದ್ದು ಒಂದೇ ತೋಟ. ನೊಣವಿನಕೆರೆ ರಸ್ತೇಲಿ ಇನ್ನೊಂದೈತೆ, ಇದಕ್ಕಿಂತ ದೊಡ್ಡದು. ಈಗ್ಲೇ ಹೋಗಿ ನೋಡಾನ, ಏಳಿ.”

“ಯಾವ ತೋಟಾನೂ ಬೇಡ,” ಎಂದರು ಪರಮಶಿವಯ್ಯ, ಹಲ್ಲಿನ ಸಂದಿಯಿಂದ. “ಬೆಳಿಗ್ಗೆ ನಾನು ತೋಟ ಅಂದಿದ್ದೂ ಇದುಕ್ಕೇ ಕಣ್ರೀ.”

ಸದಾಶಿವಯ್ಯ ಬಾಗಿಲನ್ನು ನೋಡಿದರು, ಬಿಗಿದ ಕಾಲುಗಳನ್ನು ನೋಡಿದರು, ನಿಧಾನವಾಗಿ ಅರ್ಥವಾಯಿತು. ಮನೆಯಲ್ಲೇ ಇತ್ತಲ್ಲ, ಒಂದು ಮಾತು ಕೇಳಬಾರದಿತ್ತೇ ಎಂದರು. ಪರಮಶಿವಯ್ಯನಿಗೆ ಅಷ್ಟು ಹೊತ್ತಿನ ನೋವೆಲ್ಲ ಸಿಟ್ಟಾಗಿ ತಿರುಗಿತು. ಮನೇಲಿ ಕಟ್ಸಿದೀರಿ, ಗೊತ್ತು, ಊರಿಗೆ ಕಟ್ಟಿಸಿದ್ದಕ್ಕೆ ಬೀಗ ಯಾಕೆ ಹಾಕಿದ್ರಿ ಎಂದು ಎಲ್ಲರಿಗೂ ಕೇಳುವ ಹಾಗೆ ಕೇಳಿದರು. ಅಧ್ಯಕ್ಷರು ಮಂತ್ರಿ, ತಾರೀಖು, ಕಲ್ಲು ಎಂದು ಏನೇನೋ ಹೇಳಹೋದರು. ಜನ ಕೂಗಿದ ಕೂಗಿಗೆ ಅದು ಯಾವುದೂ ನಿಲ್ಲಲಿಲ್ಲ. ಕೊನೆ‌ಗೆ ಸೊಂಟದಿಂದ ಕೊಬ್ಬರಿ ಮಂಡಿಯ ಬೀಗದ ಕೈಗಳ ಗೊಂಚಲನ್ನು ತೆಗೆದು, ಅದರಲ್ಲಿದ್ದ ಒಂದು ಕೈಯಿಂದ ಗಂಡಸರ ಬಾಗಿಲನ್ನು ತೆರೆದರು. ಪುರಸಭೆಯ ಬೀಗದ ಕೈ ಮಂಡಿಯ ಗೊಂಚಲಿಗೆ ಹೇಗೆ ಬಂತು ಎಂದು ಯಾರೂ ಕೇಳಲಿಲ್ಲ. ಕಲ್ಲಮ್ಮ ಮಾತ್ರ ಅದನ್ನೇ ನೋಡುತ್ತಿದ್ದರು.

ದೊಡ್ಡಣ್ಣನಿಗೆ ಎರಡು ಮಾತಾಡುವ ಆಸೆಯಿತ್ತು. ಹೋರಾಟಕ್ಕೆ ಸಂದ ಜಯ ಎಂದು ಶುರು ಮಾಡುವುದರೊಳಗೆ ಪರಮಶಿವಯ್ಯ ಹಾರದ ಸಮೇತ ಅವನನ್ನು ತಳ್ಳಿಕೊಂಡು ಒಳಗೆ ನುಗ್ಗಿದರು. ಹೊರಗೆ ಇಡೀ ಸಂತೆ ಸದ್ದಿಲ್ಲದೆ ನಿಂತಿತು. ಒಳಗಿನಿಂದ ಸದ್ದು ಕೇಳಿಸಿತು, ಬಹಳ ಹೊತ್ತು ಕೇಳಿಸಿತು. ಅದು ನಿಂತಾಗ ಜನ ಚಪ್ಪಾಳೆ ತಟ್ಟಿದರು. ಮನುಷ್ಯನ ಮರ್ಯಾದೆಯನ್ನು ಇದಕ್ಕಿಂತ ಕೆಳಗಿಳಿಸಲು ಯಾವ ಪುರಸಭೆಗೂ ಸಾಧ್ಯವಿಲ್ಲ.

ಪರಮಶಿವಯ್ಯ ಹೊರಗೆ ಬಂದಾಗ ಅವರ ಮುಖ ಹೊಸದಾಗಿತ್ತು. ಸಿಟ್ಟು ಪೂರ್ತಿ ಇಳಿದಿತ್ತು. ಬೀಗರ ಕೈ ಹಿಡಿದುಕೊಂಡು, ಆದದ್ದು ಆಯಿತು, ಮರೆತುಬಿಡೋಣ, ಲಗ್ನದ ಮಾತು ಮುಂದುವರಿಸೋಣ ಎಂದರು. ಸದಾಶಿವಯ್ಯನೂ ನಕ್ಕರು. ಬಸ್ಸು ಬಂದು ನಿಂತಿತ್ತು. ಬಾರೇ, ಹತ್ತು ಎಂದು ಹೆಂಡತಿಯನ್ನು ಕರೆದರು.

ದ್ರಾಕ್ಷಾಯಣಮ್ಮ ಕದಲಲಿಲ್ಲ.

“ನಿಮ್ದಾಯ್ತಲ್ಲ,” ಎಂದರು. “ನಮ್ದು?”

ನಿಮ್ಮದೇನು ಎಂದು ಪರಮಶಿವಯ್ಯ ನಿಜವಾಗಿಯೂ ತಿಳಿಯದೆ ಕೇಳಿದರು. ನಿನಗೆ ವ್ರತ ಅಲ್ಲವೇ ಎಂದೂ ಸೇರಿಸಿದರು.

“ಎಂಥ ವ್ರತ? ಪೇಟೇಲಿ ಹೆಂಗಸ್ರು ಕೂರಾಕೆ ಒಂದು ಮರೆ ಇಲ್ಲ ಕಣ್ರೀ. ಅದುಕ್ಕೇ ಬಾಯಿ ಒಣಗಿಸ್ಕಂಡು ಬತ್ತೀನಿ. ನೀವು ಅದನ್ನ ವ್ರತ ಅಂತ ಊರೆಲ್ಲ ಸಾರ್ಕಂಡು ಬಂದ್ರಿ. ಇವತ್ತು ನಿಮ್ಮ ಮರ್ಯಾದೆಗೆ ಎಳನೀರು ಕುಡ್ದೆ. ಇನ್ನು ನನ್ನ ಕೈಲಾಗಲ್ಲ.”

ಕಲ್ಲಮ್ಮ ತಲೆ ತಗ್ಗಿಸಿಕೊಂಡು, ನನ್ನ ಕೈಲೂ ಆಗಲ್ಲ ಎಂದರು.

ಚಪ್ಪಾಳೆ ತಟ್ಟಿದ್ದ ಗಂಡಸರೆಲ್ಲ ಬೇರೆ ಬೇರೆ ಕಡೆ ನೋಡತೊಡಗಿದರು. ಪರಮಶಿವಯ್ಯನ ಮುಖ ಬಿಳಿಚಿತು, ಆಮೇಲೆ ಕೆಂಪಾಯಿತು. ತಾವು ಅರ್ಧ ದಿನ ತಡೆದುಕೊಂಡಿದ್ದಕ್ಕೆ ಒಂದು ಸಂತೆಯನ್ನೇ ನಿಲ್ಲಿಸಿದ್ದರು. ಕೊರಳಿನ ಹಾರವನ್ನು ತೆಗೆದು ಮೆಟ್ಟಿಲ ಮೇಲಿಟ್ಟು, ಹೆಂಗಸರ ಕಡೆಯ ಬೀಗದ ಕೈ ಕೊಡಿ ಎಂದು ಬೀಗರ ಮುಂದೆ ಕೈ ಚಾಚಿದರು.

ಅಧ್ಯಕ್ಷರು ಗೊಂಚಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು. ಆ ಕಡೆ ಇನ್ನೂ ರಿಪೇರಿ ಇದೆ ಎಂದರು. ಕೈ ಕಳೆದುಹೋಗಿದೆ ಎಂದರು. ಕೊನೆಗೆ ದನಿ ತಗ್ಗಿಸಿ, ಹತ್ತಿರ ಬಂದು ಹೇಳಿದರು.

“ಅದೊಂದು ಬೇಡ ಬೀಗ್ರೇ. ಲಗ್ನ ಇನ್ನೂ ಕಟ್ಟಿಸಿಲ್ಲ, ನೆನಪಿರ್ಲಿ.”

ಮಗಳ ಮದುವೆಯ ಮಾತು ಕೇಳಿ ಪರಮಶಿವಯ್ಯನ ಕೈ ಹಿಂದಕ್ಕೆ ಬಂತು. ಅವರು ಹೆಂಡತಿಯ ಕಡೆ ನೋಡಿದರು. ದ್ರಾಕ್ಷಾಯಣಮ್ಮ ಗೋಡೆಗೆ ಒರಗಿ ನಿಂತಿದ್ದರು, ಹಣೆಯಲ್ಲಿ ಬೆವರು. ಪರಮಶಿವಯ್ಯ ಪುಟ್ಟಗಂಗಮ್ಮನ ಕಡೆ ತಿರುಗಿದರು. ಕೇಳುವ ಮುಂಚೆಯೇ ಅವಳು ಎಳನೀರು ಕೆತ್ತುವ ಮಚ್ಚನ್ನು ಎತ್ತಿ ಕೊಟ್ಟಳು. ಪರಮಶಿವಯ್ಯ ಮಚ್ಚನ್ನು ತಿರುಗಿಸಿ ಹಿಡಿದು ಬೀಗಕ್ಕೆ ಬಡಿದರು. ಮತ್ತೆ ಬಡಿದರು. ಈ ಸಲ ಯಾರೂ ಘೋಷಣೆ ಕೂಗಲಿಲ್ಲ.

ಬಾಗಿಲು ತೆರೆದಾಗ ಒಳಗಿನಿಂದ ಒಳ್ಳೆಯ ವಾಸನೆ ಬಂತು. ಸಾರ್ವಜನಿಕ ಶೌಚಾಲಯದಿಂದ ಒಳ್ಳೆಯ ವಾಸನೆ ಬಂದದ್ದು ನಾನು ಕಂಡಂತೆ ಅದೊಂದೇ ಸಲ. ನೆಲದಿಂದ ಸೂರಿನವರೆಗೆ ಕೊಬ್ಬರಿ ಮೂಟೆಗಳು. ಒಂದೊಂದರ ಮೇಲೂ ಸದಾಶಿವಯ್ಯನವರ ಮಂಡಿಯ ಗುರುತು. ಎರಡು ಮಳೆಗಾಲ ಕೊಬ್ಬರಿ ಬೆಚ್ಚಗೆ ಒಳಗಿತ್ತು, ಹೆಂಗಸರು ಹೊರಗಿದ್ದರು. ಅಟ್ಟದಲ್ಲಿ ಜಾಗ ಸಾಲಲಿಲ್ಲ, ಇದು ಹೇಗೂ ಖಾಲಿ ಬಿದ್ದಿತ್ತು, ಕೊಬ್ಬರಿ ತೇವವಾದರೆ ಕೆಟ್ಟುಹೋಗುತ್ತದೆ ಎಂದು ಅಧ್ಯಕ್ಷರು ಯಾರೂ ಕೇಳದಿದ್ದರೂ ಹೇಳಿದರು.

ಕಲ್ಲಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಮುಂದೆ ಬಂದು, ಒಂದು ಮೂಟೆಯ ಕಿವಿ ಹಿಡಿದು ಎಳೆದರು. ಏನು ಮಾಡ್ತಾ ಇದೀಯ ಎಂದು ಸದಾಶಿವಯ್ಯ ಗದರಿದರು.

“ಜಾಗ ಮಾಡ್ತಾ ಇದೀನಿ,” ಎಂದರು ಕಲ್ಲಮ್ಮ. “ನಿಂತ್ಕಂಡು ನೋಡ್ತೀರೋ, ಆ ತುದಿ ಹಿಡೀತೀರೋ?”

ಪುರಸಭೆಯ ಅಧ್ಯಕ್ಷರು ಆ ತುದಿ ಹಿಡಿದರು. ಅವರು ಹಿಡಿದ ಮೇಲೆ ಮಾಯಣ್ಣ ಹಿಡಿದ, ದೊಡ್ಡಣ್ಣ ಹಿಡಿದ, ಹಮಾಲರು ಬಂದರು. ಮೂಟೆಗಳೆಲ್ಲ ಬೀದಿಗೆ ಬಿದ್ದವು. ಒಳಗೆ ಒಂದು ಬಿಂದಿಗೆ ನೀರು ತಂದಿಟ್ಟರು. ಬಾಗಿಲಿಗೆ ಒಳಗಡೆ ಚಿಲಕವೇ ಇರಲಿಲ್ಲ. ಕೊಬ್ಬರಿಗೆ ಚಿಲಕ ಬೇಡವೆಂದು ಹಾಕಿಸಿರಲಿಲ್ಲ. ಇಬ್ಬರು ಬೀಗಿತ್ತಿಯರೂ ಒಳಗೆ ಹೋದರು. ಪರಮಶಿವಯ್ಯ ಬಾಗಿಲು ಎಳೆದುಕೊಂಡು ಅದಕ್ಕೆ ಬೆನ್ನು ಕೊಟ್ಟು ನಿಂತರು. ಇತ್ತ ನೋಡುವವರನ್ನು ಕಂಡರೆ ಸೀಟಿ ಹೊಡಿ ಎಂದು ಮಾಯಣ್ಣನಿಗೆ ಹೇಳಿದರು. ಮಾಯಣ್ಣ ಅಂದು ಮೊದಲ ಸಲ ಉಪಯೋಗಕ್ಕೆ ಬಂದ.

ಕಲ್ಲಮ್ಮ ಹೊರಗೆ ಬಂದು ಸೆರಗು ಸರಿಮಾಡಿಕೊಂಡು, ಎಲ್ಲರೆದುರು ಗಂಡನಿಗೆ ಒಂದು ಮಾತು ಹೇಳಿದರು. ಮದುವೆಗೆ ಛತ್ರ ಗೊತ್ತು ಮಾಡುವಾಗ ಹೆಂಗಸರಿಗೆ ಇದರ ಅನುಕೂಲ ಉಂಟೋ ಇಲ್ಲವೋ ನೋಡಿಯೇ ಗೊತ್ತು ಮಾಡಬೇಕು. ಲಗ್ನ ಮುರಿಯುವ ಮಾತು ಅಲ್ಲಿಗೆ ಮುರಿಯಿತು. ಸದಾಶಿವಯ್ಯ ತಮ್ಮ ಮೂಟೆಗಳ ಪಕ್ಕ ನಿಂತು ತಲೆ ಆಡಿಸಿದರು.

ಬೀಗಿತ್ತಿಯರು ಹೊರಗೆ ಬಂದ ಹಿಂದೆಯೇ ಪುಟ್ಟಗಂಗಮ್ಮ ಒಳಗೆ ಹೋದಳು. ಅವಳ ಹಿಂದೆ ಹೂ ಮಾರುವವಳು. ಸೊಪ್ಪಿನವಳು. ಕಂಕುಳಲ್ಲಿ ಮಗು ಇಟ್ಟುಕೊಂಡವಳು. ಬಸುರಿ ಮಗಳ ಕೈ ಹಿಡಿದುಕೊಂಡ ಒಬ್ಬ ಮುದುಕಿ. ಯಾರೂ ಕರೆಯಲಿಲ್ಲ, ಯಾರೂ ಏನೂ ಕೇಳಲಿಲ್ಲ. ಸಂತೆಯ ಮೂಲೆಮೂಲೆಯಿಂದ ಬಂದು ಸಾಲು ನಿಂತರು. ಸಾಲು ಮೂಟೆಗಳನ್ನು ದಾಟಿ, ಜೀಪನ್ನು ಸುತ್ತಿ, ಎತ್ತಿನ ತೊಟ್ಟಿಯವರೆಗೆ ಹೋಯಿತು. ಇಷ್ಟು ಜನ ಬೆಳಗಿನಿಂದ ಇದನ್ನು ಹೊಟ್ಟೆಯಲ್ಲಿಟ್ಟುಕೊಂಡು ಸೊಪ್ಪು ಮಾರುತ್ತಿದ್ದರು, ಚೌಕಾಸಿ ಮಾಡುತ್ತಿದ್ದರು, ಮಕ್ಕಳಿಗೆ ಬತ್ತಾಸು ಕೊಡಿಸುತ್ತಿದ್ದರು. ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ.

ದಂಡಿನಶಿವರದ ಬಸ್ಸು ಹೊರಡಲು ಸಿದ್ಧವಾಗಿ ಗುರುಗುಟ್ಟುತ್ತಿತ್ತು. ಸೀಟು ಹಿಡಿದು ಕೂತಿದ್ದ ಹೆಂಗಸರು ಕಿಟಕಿಯಿಂದ ಈ ಸಾಲನ್ನು ನೋಡಿದರು. ಒಬ್ಬಳು ಇಳಿದಳು, ಇನ್ನಿಬ್ಬರು ಇಳಿದರು, ನೋಡನೋಡುತ್ತಿದ್ದಂತೆ ಬಸ್ಸಿನಲ್ಲಿ ಗಂಡಸರು ಮಾತ್ರ ಉಳಿದರು. ಕಂಡಕ್ಟರಿಗೆ ರೇಗಿತು. ಅವನು ದಾಪುಗಾಲು ಹಾಕಿ ಬಂದು, ಹೊತ್ತಾಯಿತು, ಡಿಪೋದಲ್ಲಿ ಯಾರು ಉತ್ತರ ಹೇಳುವವರು, ಈ ಹೆಂಗಸರೆಲ್ಲ ಇಲ್ಲಿ ಏನು ಮಾಡುತ್ತಿದ್ದಾರೆ ಎಂದು ಪರಮಶಿವಯ್ಯನ ಮೇಲೆ ಹಾರಿದ.

ಪರಮಶಿವಯ್ಯ ಬಾಗಿಲಿಗೆ ಕೊಟ್ಟ ಬೆನ್ನನ್ನು ತೆಗೆಯಲಿಲ್ಲ. ಬೀಗರು, ಬೀಗಿತ್ತಿ, ಇಡೀ ಸಂತೆ ಕೇಳುವ ಹಾಗೆ ಹೇಳಿದರು.

“ಉಚ್ಚೆ ಉಯ್ತಾವ್ರೆ ಕಣಪ್ಪ. ಕಾಯಿ.”

ಸಾಲಿನಲ್ಲಿದ್ದ ಒಬ್ಬ ಹೆಂಗಸೂ ತಲೆ ತಗ್ಗಿಸಲಿಲ್ಲ. ಕಂಡಕ್ಟರು ಸಾಲಿನ ಉದ್ದಕ್ಕೂ ಒಂದು ಸಲ ನೋಡಿದ, ಆಮೇಲೆ ಡ್ರೈವರಿಗೆ ಕೈ ಮಾಡಿದ. ಡ್ರೈವರು ಎಂಜಿನ್ ಆರಿಸಿದ.